ಗೇಟಿನಾಚೆಯ ನೀರು

ಉತ್ತರ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಜೋರು ಮಳೆ ಬಿಟ್ಟ ಮೇಲಿನ ನೋಟ ಒಂದೇ. ಗುಡುಗು ದೇವನಹಳ್ಳಿಯ ಕಡೆಗೆ ಸರಿದು, ಹೋದ ಕರೆಂಟು ಬಂದು, ಮಕ್ಕಳು ಬಾಲ್ಕನಿಗೆ ಬರುವ ಹೊತ್ತಿಗೆ ಒಂದೊಂದೇ ಗೇಟು ತೆರೆಯುತ್ತದೆ. ಯಾರೋ ಒಬ್ಬರು ಕಡ್ಡಿಪೊರಕೆ ಹಿಡಿದು ಹೊರಬಂದು, ಮನೆ ಮುಂದಿನ ಟೈಲ್ಸಿನ ಮೇಲೆ ನಿಂತ ನೀರನ್ನು ರಸ್ತೆಗೆ ನೂಕಿ, ರಸ್ತೆಯಂಚಿನಲ್ಲಿ ಉಳಿದದ್ದನ್ನು ಇನ್ನಷ್ಟು ಮುಂದಕ್ಕೆ, ಪಕ್ಕದ ಮನೆಯ ಮಗ್ಗುಲಿಗೆ ಗುಡಿಸುತ್ತಾರೆ. ಪಕ್ಕದ ಮನೆಯವರೂ ಅಷ್ಟೇ ಶ್ರದ್ಧೆಯಿಂದ ಅದನ್ನು ಅದರಾಚೆಯ ಮನೆಗೆ ದಾಟಿಸುತ್ತಾರೆ. ಇದರಲ್ಲಿ ಯಾರ ಮನಸ್ಸಿನಲ್ಲೂ ಕೇಡಿಲ್ಲ. ಅಂಗಳ ಒಣಗಿರಬೇಕು, ಯಾರೂ ಜಾರಿ ಬೀಳಬಾರದು, ಸೊಳ್ಳೆಯಾಗಬಾರದು, ಇಷ್ಟೇ. ಆದರೂ ಪೊರಕೆಯಿಂದ ಪೊರಕೆಗೆ ಹೀಗೆ ಕೈದಾಟಿ ಹೋಗುವ ನೀರಿಗೆ ಒಂದು ಕೊನೆಯ ಮನೆ ಇರಲೇಬೇಕಲ್ಲ, ಅದು ಯಾರದು ಎಂಬ ಪ್ರಶ್ನೆ ನಮ್ಮಲ್ಲಿ ಎಷ್ಟು ಜನರಿಗೆ ಹೊಳೆದೀತು?

ಆ ಕೊನೆಯ ಮನೆಯ ವಿಳಾಸ ಕೆಲವೊಮ್ಮೆ ಪತ್ರಿಕೆಯಲ್ಲಿ ಬರುತ್ತದೆ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ತುಂಬಿ ಹರಿದಾಗ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ದೋಣಿ ಓಡಾಡಿತು. 2024ರ ಅಕ್ಟೋಬರಿನಲ್ಲಿ ಅದೇ ಅಂಗಳಕ್ಕೆ ಮತ್ತೆ ದೋಣಿ ಬಂತು. ಆ ತಿಂಗಳ 21ರ ರಾತ್ರಿ ಕಳೆದು 22ರ ಬೆಳಗಾಗುವಷ್ಟರಲ್ಲಿ ಯಲಹಂಕದ ಚೌಡೇಶ್ವರಿನಗರದ ಸುತ್ತಮುತ್ತ ಸುರಿದದ್ದು 150 ಮಿಲಿಮೀಟರಿನ ಆಸುಪಾಸು. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಕಾಣುವ ಊರಿಗೆ ಒಂದೇ ರಾತ್ರಿಯಲ್ಲಿ ಅದರ ಆರನೆಯ ಒಂದು ಪಾಲಿಗೆ ಹತ್ತಿರ. ಇದಕ್ಕೆ ಒಂದು ವಾರದ ಹಿಂದೆಯಷ್ಟೇ, ಅಕ್ಟೋಬರ್ 16ರಂದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತದ ಉದ್ಘಾಟನೆಯಾಗಿತ್ತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುವ ಯೋಜನೆ ಅದು. 2024ರದೇ ಬೇಸಿಗೆಯಲ್ಲಿ, ನಗರದ ಹದಿನಾಲ್ಕು ಸಾವಿರದಷ್ಟು ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆಯೆಂದು ಸರ್ಕಾರವೇ ಹೇಳಿತ್ತು. ಮಾರ್ಚಿನಲ್ಲಿ ಟ್ಯಾಂಕರಿನ ದಾರಿ ಕಾದು ಬೀದಿಯಲ್ಲಿ ಕೊಡ ಸಾಲು ಮಾಡಿದವರೇ ಅಕ್ಟೋಬರಿನಲ್ಲಿ ಸಂಪಿನೊಳಗೆ ನುಗ್ಗಿದ ಕೆಸರು ನೀರನ್ನು ಮೋಟರಿಟ್ಟು ಹೊರಗೆ ಹಾಕಿಸಿದರು. ಎರಡು ಕಷ್ಟಗಳೂ ಒಂದೇ ಮನೆಯವು ಎಂದು ಮಾರ್ಚಿನಲ್ಲೂ ಅನ್ನಿಸಲಿಲ್ಲ, ಅಕ್ಟೋಬರಿನಲ್ಲೂ ಅನ್ನಿಸಲಿಲ್ಲ.

ಬೆಂಗಳೂರು ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ದೊಡ್ಡ ಹೊಳೆಯೊಂದು ಇತ್ತ ಹಾದುಹೋಗುವುದಿಲ್ಲ. ಯಶವಂತಪುರದ ದಿಣ್ಣೆಯ ಒಂದು ಮಗ್ಗುಲಿಗೆ ಬಿದ್ದ ಹನಿ ವೃಷಭಾವತಿಯನ್ನು ಹಿಡಿದು ಅರ್ಕಾವತಿಯ ಪಾಲಾದರೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಹೆಬ್ಬಾಳ, ನಾಗವಾರದ ಕಣಿವೆ ಹಾದು ದಕ್ಷಿಣ ಪಿನಾಕಿನಿಯ ದಾರಿ ಹಿಡಿಯುತ್ತದೆ. ಆರ್.ಟಿ. ನಗರದ ಮೋರಿಯಲ್ಲಿ ಓಡುವ ನೀರಿಗೂ ಅದೇ ದಾರಿ. ಅಂದರೆ ಈ ಊರಿಗೆ ಮೇಲಿನಿಂದ ನೀರು ಹರಿಸುವವರು ಯಾರೂ ಇಲ್ಲ, ಇಲ್ಲಿರುವ ನಾವೇ ಎಲ್ಲರಿಗೂ ಮೇಲಿನವರು. ಎತ್ತರದಲ್ಲಿರುವವನಿಗೆ ತನ್ನ ಎತ್ತರ ಸಾಮಾನ್ಯವಾಗಿ ಕಾಣುವುದಿಲ್ಲ. ತಗ್ಗಿನಲ್ಲಿರುವವನಿಗೆ ಅದು ಪ್ರತಿ ಮಳೆಗೂ ಕಾಣುತ್ತದೆ. ನಮ್ಮ ಕಚೇರಿಗಳಲ್ಲಿ ಕಡತವೊಂದು ಮೇಜಿನಿಂದ ಮೇಜಿಗೆ ಸಹಿ ಹೊತ್ತು ಸಾಗುವಾಗ ಪ್ರತಿಯೊಬ್ಬರೂ ತಮ್ಮ ಕೆಲಸ ಮುಗಿಯಿತೆಂದೇ ಭಾವಿಸುತ್ತಾರಲ್ಲವೆ? ನೀರಿನ ವಿಷಯದಲ್ಲೂ ನಮ್ಮದು ಅದೇ ನೆಮ್ಮದಿ. ಮುಂದಕ್ಕೆ ಸಾಗಹಾಕಿದ್ದು ಮುಗಿದದ್ದಕ್ಕೆ ಸಮ.

ಇಂಗುಹೊಂಡವೆಂಬ ತೀರಾ ಸಾದಾ ಏರ್ಪಾಡು ನನ್ನನ್ನು ಯೋಚನೆಗೆ ಹಚ್ಚಿದ್ದು ಈ ಕಾರಣಕ್ಕೆ. ಬಡಾವಣೆಯ ತಗ್ಗಿನ ಮೂಲೆಯಲ್ಲಿ ಮೂರು ನಾಲ್ಕು ಅಡಿ ಆಳದ, ಅಂಚಿಗೆ ಹುಲ್ಲು ಹಾಸಿದ, ತಳ ಸಮತಟ್ಟಾಗಿರುವ ಒಂದು ತೆರೆದ ತಗ್ಗು. ತಳಕ್ಕೆ ಸಿಮೆಂಟು ಮೆತ್ತಿರುವುದಿಲ್ಲ, ಮಣ್ಣನ್ನು ತುಳಿದು ಗಟ್ಟಿ ಮಾಡಿರುವುದೂ ಇಲ್ಲ. ರಸ್ತೆಯ ನೀರು ಮೊದಲು ಪಕ್ಕದ ಚಿಕ್ಕ ಗುಂಡಿಗಿಳಿದು ಮರಳು, ತರಗೆಲೆ, ಗುಟ್ಕಾ ಪೊಟ್ಟಣಗಳನ್ನೆಲ್ಲ ಅಲ್ಲಿ ಕಳಚಿಟ್ಟು, ಆಮೇಲೆ ಹೊಂಡಕ್ಕೆ ಹರಡಿಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ನೆಲಕ್ಕಿಳಿದು ಕಾಣೆಯಾಗುತ್ತದೆ. ತುಂಬಿ ಮಿಕ್ಕಿದ್ದಕ್ಕೆ ಮಾತ್ರ ಚರಂಡಿಯ ದಾರಿ. ನಿಂತ ನೀರೆಂದರೆ ಸೊಳ್ಳೆ ಎಂದು ಬೆಚ್ಚುವವರು ಒಂದು ಲೆಕ್ಕ ಗಮನಿಸಬೇಕು: ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಹೆಚ್ಚು ಕಡಿಮೆ ಒಂದು ವಾರ ಬೇಕು, ಸರಿಯಾಗಿ ಮಾಡಿದ ಹೊಂಡ ಅಷ್ಟು ದಿನ ನೀರು ಹಿಡಿದಿಡುವುದಿಲ್ಲ. ಕೆರೆ ನೀರನ್ನು ಕೂಡಿಟ್ಟು ತೋರಿಸುತ್ತದೆ. ಹೊಂಡ ಪಡೆಯುವುದು ಬಿಟ್ಟುಕೊಡುವುದಕ್ಕಾಗಿಯೇ.

ಇದೇನು ಇಂದಿನ ಕಾಲದ ಹೊಸ ಶೋಧವಲ್ಲ. ನ್ಯೂಯಾರ್ಕಿಗೆ ಅಂಟಿಕೊಂಡ ಲಾಂಗ್ ಐಲೆಂಡಿನಲ್ಲಿ 1930ರ ದಶಕದಿಂದಲೇ ಇಂಥ ಹೊಂಡಗಳನ್ನು ತೋಡುತ್ತ ಬಂದು, ಈಗ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚಿವೆ. ಅವರನ್ನು ಇದಕ್ಕೆ ಹಚ್ಚಿದ್ದು ಪರಿಸರಪ್ರೇಮವಲ್ಲ, ಜುಗ್ಗತನ. ಸಮುದ್ರದವರೆಗೆ ದೊಡ್ಡ ಕೊಳವೆ ಹೂಳುವುದಕ್ಕಿಂತ ಅಲ್ಲಲ್ಲೇ ಗುಂಡಿ ತೋಡುವುದು ಅಗ್ಗವಾಗಿತ್ತು, ಜೊತೆಗೆ ಕುಡಿಯಲು ಅವರಿಗೆ ಕಾಲಡಿಯ ನೀರೇ ಗತಿಯಾಗಿತ್ತು. ಅದು ಮರಳು ನೆಲ, ನೀರು ಸರಾಗವಾಗಿ ಇಳಿಯುತ್ತದೆ. ನಮ್ಮದು ಮೇಲೆ ಕೆಮ್ಮಣ್ಣು, ಕೆಳಗೆ ಶಿಥಿಲಗೊಂಡ ಕಲ್ಲಿನ ಪದರ, ಅದರಡಿಗೆ ಬಿರುಕಿದ್ದಲ್ಲಿ ಮಾತ್ರ ನೀರಿಗೆ ದಾರಿ ಬಿಡುವ ನೈಸ್ ಬಂಡೆ, ಇಂಗುವುದು ನಿಧಾನ. ಹಾಗೆಂದು ಇಂಗಿಸುವ ವಿದ್ಯೆ ನಮಗೂ ಹೊಸತಲ್ಲ: ನಮ್ಮವರೇ ಆದ ಕಾಸರಗೋಡು, ದಕ್ಷಿಣ ಕನ್ನಡದ ಹಿರಿಯರು ಗುಡ್ಡದ ಮೇಲಿನ ತಗ್ಗಿಗೆ ಒಂದು ಬದಿಯಿಂದ ದಂಡೆ ಕಟ್ಟಿ ಮದಕ ಮಾಡಿಕೊಂಡಿದ್ದರು. ಮಳೆಗಾಲದಲ್ಲಿ ಅಲ್ಲಿ ನಿಂತ ನೀರು ಬೇಸಿಗೆಯಲ್ಲಿ ಗುಡ್ಡದಡಿಯ ಬಾವಿಗೆ, ಸುರಂಗಕ್ಕೆ ಒರತೆಯಾಗಿ ಬರುತ್ತಿತ್ತು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯ ಮೂಲಕ ಶ್ರೀ ಪಡ್ರೆಯವರು ಇದನ್ನೆಲ್ಲ ವರ್ಷಗಟ್ಟಲೆ ಬರೆದು ಇಂಗುಗುಂಡಿಯನ್ನು ಮನೆಮಾತು ಮಾಡಿದರು. ಮದಕ ಕಟ್ಟಿದವನ ತೋಟಕ್ಕೇ ಅದರ ನೀರು ಬರಬೇಕೆಂಬ ನಿಯಮವಿಲ್ಲ, ಆದರೂ ಅವನು ಕಟ್ಟಿದ ಎಂಬುದು ನನ್ನ ಕುತೂಹಲ.

ಏಕೆಂದರೆ ಇಂಗಿದ ನೀರಿನ ಮೇಲೆ ಹೆಸರು ಬರೆಯಲು ಬರುವುದಿಲ್ಲ. ನನ್ನ ಚಾವಣಿಯ ಮಳೆ ನನ್ನ ಹೊಂಡಕ್ಕಿಳಿದು, ಮೂರನೆಯ ಅಡ್ಡರಸ್ತೆಯ ಅಪರಿಚಿತರೊಬ್ಬರ ಕೊಳವೆಬಾವಿಯಲ್ಲಿ ಮೇಲೆ ಬರಬಹುದು, ಅವರ ಕಾರು ತೊಳೆಯಲು ಖರ್ಚಾಗಲೂಬಹುದು. ಸಂಪು ತುಂಬಿಸುವ ಮಳೆಕೊಯ್ಲಿಗೆ ಹಲವರು ಸಂತೋಷದಿಂದ ಒಪ್ಪುತ್ತಾರೆ. ನೆಲಕ್ಕೆ ಬಿಡುವ ಮಾತು ಬಂದಾಗ ‘ನಮಗೇನು ಸಿಗುತ್ತೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಕೊಡುವುದಕ್ಕೆ ನಾವು ಹಿಂಜರಿಯುವ ಜನವಲ್ಲ. ದೇವಸ್ಥಾನದ ಮೆಟ್ಟಿಲಿಗೆ, ಶಾಲೆಯ ಫ್ಯಾನಿಗೆ, ಅನ್ನದಾನಕ್ಕೆ ಧಾರಾಳವಾಗಿ ಕೊಡುತ್ತೇವೆ. ಆದರೆ ಕೊಟ್ಟದ್ದರ ಮೇಲೆ ದಾನಿಯ ಹೆಸರು ಕಪ್ಪಕ್ಷರದಲ್ಲಿ ಇರುತ್ತದೆ, ಪಡೆದವರ ಮುಖ ನಮಗೆ ಕಾಣುತ್ತದೆ. ಮುಖ ಕಾಣದ, ರಸೀದಿ ಸಿಗದ, ಅಪ್ಪಿತಪ್ಪಿಯೂ ಕೃತಜ್ಞತೆ ವಾಪಸಾಗದ ಕೊಡುಗೆಗೆ ಮನಸ್ಸು ಒಗ್ಗುವುದು ಬೇರೆಯೇ ಒಂದು ಪಾಠ. ಬಾವಿಯಿಂದ ಎತ್ತುವಾಗ ಮಾತ್ರ ಎಲ್ಲರೂ ಬೇಲಿ ಮೀರಿ ಎತ್ತುತ್ತಿದ್ದೇವೆ. ಸಾವಿರ ಅಡಿಯ ಕೊಳವೆಗೆ ಸೈಟಿನ ಗಡಿ ಯಾವ ಲೆಕ್ಕ?

ಕಾನೂನು ಇಲ್ಲವೆಂದಲ್ಲ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯಿಂದ 30×40 ಸೈಟಿನ ಹೊಸ ಮನೆಗೂ 60×40ರ ಹಳೆಯ ಮನೆಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಮಾಡಿಸಿಕೊಂಡವರು ಅನೇಕರಿದ್ದಾರೆ. ಮಾಡಿಸದೆ, ನೀರಿನ ಬಿಲ್ಲಿನ ಜೊತೆ ತಿಂಗಳು ತಿಂಗಳೂ ದಂಡ ಕಟ್ಟಿಕೊಂಡು ಹೋಗುವ ಸಾವಿರಾರು ಮನೆಗಳೂ ಇವೆ. ದಂಡವನ್ನು ತಪ್ಪಿನ ಗುರುತಾಗಿ ಕಾಣದೆ, ತಪ್ಪು ಮಾಡುವುದಕ್ಕೆ ತೆರುವ ಬಾಡಿಗೆಯಾಗಿ ಕಾಣುವ ಈ ಹೊಂದಾಣಿಕೆ ನೀರಿಗಷ್ಟೇ ಸೀಮಿತವೆಂದು ನನಗನ್ನಿಸುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು, ಅದು ಖಾಲಿತನ. ಇಂಗುಹೊಂಡ ವರ್ಷದ ಹೆಚ್ಚು ದಿನ ಒಣಗಿ ಬರಿದಾಗಿರಬೇಕು; ಬರಿದಾಗಿದ್ದರೆ ಮಾತ್ರ ಮುಂದಿನ ಮಳೆಗೆ ಅದರಲ್ಲಿ ಜಾಗ. ಚದರಡಿಗೆ ಹತ್ತಾರು ಸಾವಿರ ಬೆಲೆ ಬಂದಿರುವ ನೆಲದಲ್ಲಿ, ಏಪ್ರಿಲಿನ ಬಿಸಿಲಿಗೆ ಸುಮ್ಮನೆ ಬಾಯಿ ತೆರೆದು ಬಿದ್ದಿರುವ ತಗ್ಗನ್ನು ನೋಡಿ ನಮ್ಮ ಕೈ ತುರಿಸುತ್ತದೆ. ಒಬ್ಬರಿಗೆ ಅಲ್ಲಿ ಓಪನ್ ಜಿಮ್ ಕಾಣುತ್ತದೆ, ಇನ್ನೊಬ್ಬರಿಗೆ ಶಟಲ್ ಕೋರ್ಟು, ಮತ್ತೊಬ್ಬರಿಗೆ ಗಣೇಶನ ಪೆಂಡಾಲು. ಯಾರಿಗೂ ಏನೂ ಕಾಣದಿದ್ದರೆ ಕೊನೆಗೆ ಕಟ್ಟಡ ಒಡೆದ ಡೆಬ್ರಿ ತಂದು ಸುರಿಯುವ ಲಾರಿಗೆ ಕಾಣುತ್ತದೆ. ಹಳ್ಳಿಯಾಗಿದ್ದ ಕಾಲದ ಕೊಡಿಗೇಹಳ್ಳಿ, ಅಮೃತಹಳ್ಳಿ, ಜಕ್ಕೂರುಗಳಲ್ಲಿ ಕುಂಟೆ, ಗೋಕಟ್ಟೆ, ಗುಂಡುತೋಪು ಎಂದು ಇಂಥ ಬಿಡುಜಾಗ ಇದ್ದೇ ಇರುತ್ತಿತ್ತು, ಅದನ್ನು ಯಾರೂ ವ್ಯರ್ಥವೆಂದು ಎಣಿಸುತ್ತಿರಲಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು, ಕ್ರಮೇಣ ಬಾವಿ ಕಟ್ಟೆಗಳ ಕಡೆಯಿಂದ ಕಣ್ಣು ನಲ್ಲಿಯ ಕಡೆಗೆ ತಿರುಗಿತು. ಅಲ್ಲಿಂದಾಚೆಗೆ ನಗರದವರಿಗೆ ನೆಲವೆಂದರೆ ಕಟ್ಟುವುದಕ್ಕೆ ಇರುವ ಮೇಲ್ಮೈ ಮಾತ್ರ. ನೆಲದೊಳಗೆ ಏನಿದೆ ಎಂಬ ಕುತೂಹಲ ಹುಟ್ಟುವುದೂ ಅಗೆತದ ಅನಿವಾರ್ಯ ಬಂದಾಗಲೇ. ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಮೇಲೆದ್ದು ಬಂದದ್ದೂ ಚರಂಡಿ ಕೆಲಸಕ್ಕೆಂದು ಮಣ್ಣು ತೆಗೆಯುವಾಗ. ಸಾವಿರದಿನ್ನೂರು ವರ್ಷದ ಅಕ್ಷರವನ್ನು ಮಾಸದಂತೆ ಇಟ್ಟುಕೊಂಡ ಮಣ್ಣು ಅದು. ಒಂದು ಮಳೆಗಾಲದ ನೀರನ್ನು ಇಟ್ಟುಕೊಳ್ಳುವ ಅವಕಾಶವನ್ನು ಅದಕ್ಕೆ ನಾವು ಕೊಡುವುದಿಲ್ಲ.

ನಮ್ಮ ಬಡಾವಣೆಯ ಪಾರ್ಕಿನ ತಗ್ಗಿನಲ್ಲಿ, ಇಂಥದೊಂದು ಹೊಂಡವನ್ನೂ ಅದರ ನಡುವೆ ಒಂದು ರಿಂಗು ಬಾವಿಯನ್ನೂ ತೋಡಿಸುವುದೆಂದು ತೀರ್ಮಾನವಾದಾಗ ಸರ್ಜಾಪುರದ ಕಡೆಯಿಂದ ಮಣ್ಣು ವಡ್ಡರು ಬಂದರು. ತಲೆತಲಾಂತರದಿಂದ ಬಾವಿ ತೋಡುವ, ಕೆರೆ ಕಟ್ಟುವ ಕೈಗಳು. ಗಿಡ್ಡ ಹಿಡಿಯ ಗುದ್ದಲಿ, ಒಂದು ಹಾರೆ, ಹಗ್ಗ ಕಟ್ಟಿದ ಬಾಣಲಿ, ಇಷ್ಟೇ ಸಾಮಾನು. ನಾಲ್ಕಡಿ ಅಗಲದ ಬಾಯಿಯೊಳಗೆ ಒಬ್ಬನೇ ಕೂತು ಅಗೆಯಬೇಕು. ಅವನು ಮೊಣಕೈ ಆಡಿಸುವಷ್ಟೇ ಜಾಗದಲ್ಲಿ ಸುತ್ತ ತಿರುಗುತ್ತ ಕೆರೆದು ತುಂಬಿಸಿದ್ದನ್ನು ಮೇಲಿನವರು ಎಳೆದು ಸುರಿಯುತ್ತಿದ್ದರು. ಪಕ್ಕದಲ್ಲಿ ಬೆಳೆಯುತ್ತಿದ್ದ ಮಣ್ಣಿನ ಗುಡ್ಡೆಯ ಬಣ್ಣ ಗಂಟೆಗಂಟೆಗೆ ಬದಲಾಗುತ್ತಿತ್ತು: ಮೊದಲು ಇಟ್ಟಿಗೆಗೆಂಪು, ಆಮೇಲೆ ಅರಿಶಿನದ ಛಾಯೆ, ಮಧ್ಯಾಹ್ನದ ಹೊತ್ತಿಗೆ ಬೂದುಬಿಳಿ, ಆ ಬಿಳಿಯ ಹುಡಿಯನ್ನು ಅಂಗೈಗೆ ತೆಗೆದುಕೊಂಡರೆ ಕಾಗೆಬಂಗಾರದ ಚೂರುಗಳು ಮಿನುಗುತ್ತಿದ್ದವು, ತಣ್ಣಗಿತ್ತು. ಎಷ್ಟಡಿ ಹೋಗುತ್ತೀರಪ್ಪ ಎಂದು ಕೇಳಿದ್ದಕ್ಕೆ ಅವರಲ್ಲಿ ಹಿರಿಯರೊಬ್ಬರು, “ಇಪ್ಪತ್ತು ನೋಡೋಣ ಸಾರ್, ಕಲ್ಲು ಸಿಕ್ಕಿದ್ರೆ ಅಲ್ಲಿಗೇ ಸಾಕು,” ಎಂದರು. ಬೀಡಿ ಹಚ್ಚಿಕೊಂಡು, ಯಾರನ್ನೂ ದೂರುವ ಧಾಟಿಯಿಲ್ಲದೆ, ಇನ್ನೊಂದು ಮಾತು ಸೇರಿಸಿದರು: “ತೋಡೋಕೆ ಎಲ್ಲಾರೂ ಕರೀತಾರೆ ಸಾರ್. ಹೂಳು ತೆಗೆಯೋಕೆ ಯಾರೂ ಕರಿಯಲ್ಲ.”

ನೀರಿಂಗಿಸುವ ವಿದ್ಯೆಯ ಅರ್ಧಕ್ಕಿಂತ ಹೆಚ್ಚು ಈ ಎರಡು ವಾಕ್ಯಗಳಲ್ಲಿದೆ. ಹೊಂಡ ಸಾಯುವುದು ಕಣ್ಣಿಗೆ ಕಾಣದ ನಯವಾದ ಮಣ್ಣಿನಿಂದ. ಪ್ರತಿ ಮಳೆಯೂ ರಸ್ತೆಯ ಧೂಳನ್ನು ತಂದು ತಳಕ್ಕೆ ತೆಳುವಾಗಿ ಬಳಿಯುತ್ತದೆ, ನಾಲ್ಕಾರು ಮಳೆಗಾಲಕ್ಕೆ ಆ ಪದರ ಸಾರಣೆ ಮಾಡಿದಂತೆ ಗಟ್ಟಿಯಾಗಿ ರಂಧ್ರಗಳೆಲ್ಲ ಮುಚ್ಚುತ್ತವೆ. ಆಗ ನೀರು ವಾರಗಟ್ಟಲೆ ನಿಂತು, ಸೊಳ್ಳೆಯೂ ಆಗಿ, ಜನ ‘ನೋಡಿ, ಆವತ್ತೇ ಹೇಳಿದ್ದೆವು’ ಎಂದು ಅದಕ್ಕೆ ಮಣ್ಣು ಮುಚ್ಚುತ್ತಾರೆ. ಬೇಸಿಗೆಯಲ್ಲಿ ಒಮ್ಮೆ ತಳ ಕೆರೆದು ಮೇಲಿನ ಪದರ ತೆಗೆಸಿದ್ದರೆ ಸಾಕಿತ್ತು. ಆದರೆ ಆ ಕೆಲಸಕ್ಕೆ ಟೇಪು ಕತ್ತರಿಸುವವರಿಲ್ಲ, ಫೋಟೋ ಇಲ್ಲ, ಫಲಕ ಇಲ್ಲ. ಆರಂಭವನ್ನು ಹಬ್ಬ ಮಾಡುವ ನಾವು ಪೋಷಣೆಯನ್ನು ಯಾರೋ ಸಂಬಳದ ಆಳಿನ ಪಾಲಿಗೆ ಬಿಡುತ್ತೇವೆ, ಅದು ಹೊಂಡಕ್ಕಾಗಲಿ ಹೊಸ ಗ್ರಂಥಾಲಯಕ್ಕಾಗಲಿ, ಕೆಲವೊಮ್ಮೆ ಸಂಬಂಧಗಳಿಗೇ ಆಗಲಿ. ಕೆರೆಗಳ ಕಾಲದಲ್ಲಿ ನೀರುಗಂಟಿ ಎಂಬ ಒಬ್ಬನಿರುತ್ತಿದ್ದ. ತೂಬು ಎತ್ತುವುದು, ಕಾಲುವೆ ನೋಡಿಕೊಳ್ಳುವುದು ಅವನ ಕೆಲಸ, ಅದಕ್ಕೆ ಸುಗ್ಗಿಯಲ್ಲಿ ಅವನಿಗೆ ಕಾಳಿನ ಪಾಲು. ಊರೆಲ್ಲ ಕೂಡಿ ಹೂಳೆತ್ತುವ ವಾಡಿಕೆಯೂ ಇತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಹಂಗು, ಬಿಟ್ಟಿ ದುಡಿಮೆಯ ಭಾರವೂ ಇದ್ದವು, ಅದನ್ನು ಹಾಗೇ ಮರಳಿ ತರಬೇಕೆಂದು ನಾನು ಹಂಬಲಿಸುವುದಿಲ್ಲ. ಹೂಳು ತೆಗೆಯುವುದೂ ಒಂದು ಗೌರವದ ಕೆಲಸವೆಂಬ ಎಣಿಕೆ ಮಾತ್ರ ಬೇಕಾಗಿದೆ.

ಎಲ್ಲ ನೀರನ್ನೂ ನೆಲಕ್ಕಿಳಿಸಬಹುದೆಂಬ ಉತ್ಸಾಹವೂ ಅಪಾಯವೇ. ನಮ್ಮ ರಾಜಕಾಲುವೆಗಳಲ್ಲಿ ಮಳೆಯಿಲ್ಲದ ದಿನವೂ ನೀರು ಓಡುತ್ತಿರುತ್ತದೆಂದರೆ ಅದು ಯಾವ ನೀರೆಂದು ವಿವರಿಸಬೇಕಾಗಿಲ್ಲ. ಅದನ್ನು ಹೊಂಡಕ್ಕೆ ತಿರುಗಿಸಿದರೆ ಮೇಲಿನ ಗಲೀಜನ್ನು ಕೆಳಗೆ ಬಚ್ಚಿಟ್ಟಂತೆ. ನಗರದ ಎಷ್ಟೋ ಕೊಳವೆಬಾವಿಗಳಲ್ಲಿ ಈಗಾಗಲೇ ನೈಟ್ರೇಟ್ ಮಿತಿಮೀರಿದೆ. ಆಯಿಲ್ ತೊಟ್ಟಿಕ್ಕುವ ಗ್ಯಾರೇಜು ಸಾಲಿನ ನೀರೂ ಬೇಡ. ಚಾವಣಿಯ ನೀರು, ಪಾರ್ಕಿನ ನೀರು, ಮೊದಲ ಕೊಳೆ ಮಳೆ ಕಳೆದ ಮೇಲಿನ ಬಡಾವಣೆಯ ಒಳರಸ್ತೆಯ ನೀರು, ಇವುಗಳಿಂದ ತೊಡಗುವುದು ಲೇಸು. ಕೊಳಕು ನೀರಿಗೆ ಬೇರೆ ತಾಳ್ಮೆ ಬೇಕು, ಅದರ ಮಾದರಿಯೂ ಹತ್ತಿರದಲ್ಲೇ ಇದೆ. ನೂರರವತ್ತು ಎಕರೆಯಷ್ಟು ಹರಡಿರುವ ಜಕ್ಕೂರು ಕೆರೆಗೆ ಬರುವ ನೀರು ಮೊದಲು ಶುದ್ಧೀಕರಣ ಘಟಕ ದಾಟಿ, ಆಮೇಲೆ ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸೋಸಿ ಕೆರೆ ಸೇರುತ್ತದೆ. ಕೆರೆ ತುಂಬಿದ ಮೇಲೆ ಸುತ್ತಲಿನ ತೆರೆದ ಬಾವಿಗಳಲ್ಲಿ ನೀರು ಮೇಲೆ ಬಂದದ್ದನ್ನು ಅಲ್ಲಿನವರು ಬಲ್ಲರು. ಬಗ್ಗಿ ನೋಡಿದರೆ ಮುಖ ಕಾಣುವಷ್ಟು ಹತ್ತಿರದಲ್ಲಿ ಬಾವಿನೀರು ಇರುವುದು ಈ ಊರಿನಲ್ಲಿ ಈಗ ಅಪರೂಪದ ಸಿರಿ.

ಹಾಗಾದರೆ ಒಂದು ಮನೆಯಿಂದ ಎಷ್ಟು ಸಾಧ್ಯ? 30×40ರ ಸೈಟೆಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್. ವರ್ಷದ ಮಳೆಯಲ್ಲಿ ಆ ಸೈಟಿನ ಪಾಲು ಒಂದು ಲಕ್ಷ ಲೀಟರಿಗೂ ಮಿಗಿಲು. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಹೇಳುವುದಾದರೆ ಹದಿನೆಂಟು ಲೋಡು, ಮನೆಬಾಗಿಲಿಗೆ, ಬಿಟ್ಟಿಯಾಗಿ. ನಾಲ್ಕಡಿ ಅಗಲ, ಇಪ್ಪತ್ತಡಿ ಆಳದ ರಿಂಗು ಬಾವಿಯಲ್ಲಿ ಒಮ್ಮೆಗೆ ಏಳು ಸಾವಿರ ಲೀಟರಿನಷ್ಟು ಹಿಡಿಯುತ್ತದೆ. ಇಪ್ಪತ್ತು ಮೂವತ್ತು ಮಿಲಿಮೀಟರಿನ ಸಂಜೆಮಳೆಯಾದರೆ ಆ ಸೈಟಿನ ಒಂದು ಹನಿಯೂ ಗೇಟು ದಾಟಬೇಕಾಗಿಲ್ಲ. 2024ರ ಆ ಅಕ್ಟೋಬರ್ ರಾತ್ರಿಯಂಥದ್ದು ಬಂದರೆ ಅರ್ಧಕ್ಕೂ ಹೆಚ್ಚು ನೀರು ಉಕ್ಕಿ ಇಳಿಜಾರು ಹಿಡಿಯುವುದು ಖಂಡಿತ. ಅದಕ್ಕೆ ಕೆರೆ ಬೇಕು, ಒತ್ತುವರಿಯಿಲ್ಲದ ಕಾಲುವೆ ಬೇಕು, ಸರ್ಕಾರ ಬೇಕು. ಆದರೂ ಮೇಲಿನ ಇಳಿಜಾರಿನ ನೂರಾರು ಮನೆಗಳು ತಮ್ಮ ತಮ್ಮ ಮೊದಲ ಏಳು ಸಾವಿರ ಲೀಟರನ್ನು ತಡೆದಿಟ್ಟುಕೊಂಡರೆ ಕೆಳಗಿನ ಅಂಗಳದಲ್ಲಿ ನೀರು ಮೊಣಕಾಲಿಗೆ ನಿಲ್ಲುವುದಕ್ಕೂ ಸೊಂಟಕ್ಕೆ ಏರುವುದಕ್ಕೂ ನಡುವಿನ ವ್ಯತ್ಯಾಸ ಅಷ್ಟರಲ್ಲೇ ಇರಬಹುದಲ್ಲವೆ?

ನಮ್ಮ ಪಾರ್ಕಿನ ಹೊಂಡ ಮುಗಿದು ಒಂದು ಮಳೆಗಾಲ ಕಂಡಿದೆ. ತೋಡಿಸಲು ಚಂದಾ ಕೂಡಿದ್ದು ಬೇಗ. ಈಗ ತಳದ ಹೂಳು ತೆಗೆಸುವ ಖರ್ಚಿನ ಪ್ರಶ್ನೆ ಬಂದಿದೆ, ಸಂಘದ ಸಭೆ ಅಲ್ಲಿ ಸಿಕ್ಕಿಕೊಂಡಿದೆ. ಹೊಂಡ ಇರುವುದು ಕೆಳಗಿನ ರಸ್ತೆಯ ಪಕ್ಕ, ಅದರ ಅನುಕೂಲವೂ ಅವರಿಗೆ, ಆದ್ದರಿಂದ ಅವರು ಕೊಡಲಿ ಎನ್ನುತ್ತಾರೆ ಮೇಲಿನ ರಸ್ತೆಯವರು. ನೀರೂ ನಿಮ್ಮದು, ಹೂಳೂ ನಿಮ್ಮದು, ನಮ್ಮದೇನಿದೆ ಎನ್ನುತ್ತಾರೆ ಕೆಳಗಿನವರು. ನನಗೆ ಕೆಳಗಿನವರ ವಾದವೇ ಸರಿಯೆನ್ನಿಸುತ್ತದೆ. ನಮ್ಮ ಮನೆ ಇರುವುದು ಮೇಲಿನ ರಸ್ತೆಯಲ್ಲಿ, ಸಭೆಯಲ್ಲಿ ಹಾಗೆ ಹೇಳಿದ ಮೇಲೆ ಅಕ್ಕಪಕ್ಕದವರ ಮುಖ ಸ್ವಲ್ಪ ಗಂಟಾಗಿದೆ.